ಸ್ಕೋಕಿಗೆ ಬಾರದ ಮೆರವಣಿಗೆ

ಇನ್ನೆರಡು ಸೌದೆ ಒಳಗೆ ನೂಕಿ, ಹೇಳುತ್ತೇನೆ. ಒಬ್ಬ ಮೈಮೇಲೆ ಏನು ಹಾಕಿಕೊಂಡು ಬೀದಿಗೆ ಬಂದರೆ ಇನ್ನೊಬ್ಬನಿಗೇನು, ಬೇಡದಿದ್ದರೆ ನೋಡದಿದ್ದರಾಯಿತು ಅಂತ ಒಬ್ಬಳು, ಹಾಗೆಲ್ಲ ಆಗುವುದಿಲ್ಲ ಅಂತ ಇನ್ನೊಬ್ಬ, ಊಟಕ್ಕೆ ಕೂತಾಗಿನಿಂದ ಜಗಳವಾಡುತ್ತಿದ್ದೀರಿ. ನಾನಿದ್ದ ಒಂದು ಊರು ಇದೇ ಜಗಳವನ್ನು ಹದಿನಾಲ್ಕು ತಿಂಗಳು ಆಡಿತು. ಕೋರ್ಟಿನಿಂದ ಕೋರ್ಟಿಗೆ ಅಲೆದು ಆಡಿತು.

ಊರಿನ ಹೆಸರು ಸ್ಕೋಕಿ. ಷಿಕಾಗೋ ನಗರದ ಉತ್ತರದ ಅಂಚಿಗೆ ಅಂಟಿಕೊಂಡಿದೆ. ಆಗ ಸುಮಾರು 70,000 ಜನ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಯೆಹೂದಿಗಳು. ಅವರಲ್ಲೂ ಕೆಲವು ಸಾವಿರ ಮಂದಿ ಹಿಟ್ಲರನ ಕ್ಯಾಂಪುಗಳಿಂದ ಜೀವ ಹಿಡಿದುಕೊಂಡು ಬಂದವರು. ನನಗೆ ಆಗ ಇದೊಂದೂ ಗೊತ್ತಿರಲಿಲ್ಲ. ಬಾಡಿಗೆ ಕಡಿಮೆ, ರೈಲು ಹತ್ತಿರ ಅಂತ ಮನೆ ಹಿಡಿದಿದ್ದೆವು. ಕೆಳಗಿನ ಮನೆಯಲ್ಲಿ ಒಬ್ಬ ಮುದುಕ ಟೇಲರ್. ಹೆಂಡತಿ ತೀರಿಕೊಂಡಿದ್ದರು. ನಮ್ಮ ಮಗಳು ಅವರನ್ನು ‘ಟೇಲರ್ ತಾತ’ ಅನ್ನುತ್ತಿದ್ದಳು, ನಾವೂ ಹಾಗೇ ಕರೆಯತೊಡಗಿದೆವು. ಬೇಸಿಗೆಯ ಸೆಖೆಯಲ್ಲೂ ಉದ್ದ ತೋಳಿನ ಅಂಗಿ. ಒಂದು ದಿನ ನಮ್ಮ ಮನೆಯ ನಲ್ಲಿ ಕೆಟ್ಟು ಅವರು ಸರಿ ಮಾಡಲು ತೋಳು ಮಡಿಚಿದಾಗ ಎಡ ಮುಂದೋಳಿನ ಮೇಲೆ ನೀಲಿ ಅಂಕಿಗಳು ಕಂಡವು. ಆಷ್‌ವಿಟ್ಜ್ ಕ್ಯಾಂಪಿನ ಹಚ್ಚೆ. ನಾನು ನೋಡಿದ್ದನ್ನು ಅವರೂ ನೋಡಿದರು. ಸ್ಪ್ಯಾನರ್ ಕೊಡು ಅಂದರು, ಅಷ್ಟೆ.

1977ರ ವಸಂತ. ನಿಮಗೆ ಅದು ಇತಿಹಾಸದ ಪುಸ್ತಕ, ನನಗೆ ಅದು ಎದೆಯ ಭಾರ ಇಳಿದ ಕಾಲ. ಆ ಮಾರ್ಚಿನಲ್ಲೇ ನಮ್ಮಲ್ಲಿ ತುರ್ತು ಪರಿಸ್ಥಿತಿ ತೆಗೆದಿದ್ದರು. ನಿಮ್ಮ ದೊಡ್ಡಜ್ಜ, ಅಂದರೆ ನಮ್ಮಣ್ಣ, ಮೀಸಾ ಕಾಯ್ದೆಯಲ್ಲಿ ಜೈಲಿನ ಒಳಗಿದ್ದ. ಊರಿನಿಂದ ಬರುವ ಇನ್‌ಲ್ಯಾಂಡ್ ಪತ್ರಗಳಲ್ಲಿ ಮಳೆ, ಅಡಿಕೆ ಬಿಟ್ಟು ಇನ್ನೇನೂ ಇರುತ್ತಿರಲಿಲ್ಲ. ‘ಸಂಸ್ಕಾರ’ ಸಿನಿಮಾದ ಚಂದ್ರಿ, ಸ್ನೇಹಲತಾ ರೆಡ್ಡಿ, ಬೆಂಗಳೂರು ಜೈಲಿನಲ್ಲಿ ಕಾಯಿಲೆ ಬಿಗಡಾಯಿಸಿ, ಹೊರಗೆ ಬಿಟ್ಟ ಕೆಲವೇ ದಿನಕ್ಕೆ ಆ ಜನವರಿಯಲ್ಲಿ ತೀರಿಕೊಂಡಿದ್ದರು. ಬಾಯಿ ಮುಚ್ಚಿಸುವ ಸರ್ಕಾರ ಅಂದರೆ ಏನು ಅಂತ ನನಗೆ ಯಾರೂ ಪಾಠ ಮಾಡಬೇಕಿರಲಿಲ್ಲ. ಹಾಗಾಗಿ ಸ್ಕೋಕಿಯ ಗಲಾಟೆ ಶುರುವಾದಾಗ ನಾನು ಯಾವ ಕಡೆ ಅನ್ನುವುದು ನನಗೆ ಮೊದಲೇ ನಿಶ್ಚಯವಾಗಿತ್ತು.

ಗಲಾಟೆ ಶುರುವಾದದ್ದು ಹೀಗೆ. ಷಿಕಾಗೋದ ದಕ್ಷಿಣಕ್ಕೆ ಮಾರ್ಕೆಟ್ ಪಾರ್ಕ್ ಅಂತ ಒಂದು ಕಡೆ ಇದೆ. ಆಗ ಬಿಳಿಯರ ಬಡಾವಣೆ. 1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಮೆರವಣಿಗೆ ಮಾಡಿದಾಗ ತಲೆಗೆ ಕಲ್ಲೇಟು ಬಿದ್ದ ಜಾಗ ಅದು. ಅಲ್ಲಿ ಫ್ರಾಂಕ್ ಕೊಲಿನ್ ಅನ್ನುವವನೊಬ್ಬ ಬೆರಳೆಣಿಕೆಯ ಹುಡುಗರನ್ನು ಕಟ್ಟಿಕೊಂಡು ನಾಜಿ ಪಕ್ಷ ನಡೆಸುತ್ತಿದ್ದ. ಕಂದು ಅಂಗಿ, ಬೂಟು, ತೋಳಿಗೆ ಸ್ವಸ್ತಿಕದ ಪಟ್ಟಿ. ಇವನ ತಂದೆಯೇ ಯೆಹೂದಿ, ಡಾಖೌ ಕ್ಯಾಂಪಿನಿಂದ ಬದುಕಿ ಬಂದವರು ಅಂತ ಪೇಪರಿನವರು ಹೊರಗೆಳೆದಿದ್ದರು. ಅದು ಬೇರೆಯೇ ಕಥೆ, ಬಿಡಿ. ಪಾರ್ಕಿನಲ್ಲಿ ಸಭೆ ಮಾಡಬೇಕಾದರೆ 2,50,000 ಡಾಲರಿನ ವಿಮೆ ತೋರಿಸು ಅಂತ ಅಲ್ಲಿನವರು ಕೇಳಿದರು. ಇವನ ಹತ್ತಿರ ಎಲ್ಲಿಯದು? ಸುತ್ತಲ ಊರುಗಳಿಗೆಲ್ಲ ಪತ್ರ ಬರೆದ, ನಿಮ್ಮಲ್ಲಿ ಮೆರವಣಿಗೆ ಮಾಡುತ್ತೇವೆ ಅಂತ. ಆಗುವುದಿಲ್ಲ ಅಂತ ಉತ್ತರ ಬರೆಯುವ ಗೋಜಿಗೆ ಹೋದ ಊರು ಸ್ಕೋಕಿ. ಅದನ್ನೇ ಹಿಡಿದುಕೊಂಡ.

ಅವನು ಕೇಳಿದ್ದೇನು ಗೊತ್ತಾ? ಭಾನುವಾರ, ಪುರಸಭೆ ಕಟ್ಟಡದ ಮುಂದೆ, ಸಾಲಾಗಿ ಅರ್ಧ ಗಂಟೆ ಓಡಾಡುತ್ತೇವೆ. ಭಾಷಣವಿಲ್ಲ, ಕರಪತ್ರ ಹಂಚುವುದಿಲ್ಲ. ಕೈಯಲ್ಲಿ ಬಿಳಿಯರಿಗೂ ಮಾತಿನ ಸ್ವಾತಂತ್ರ್ಯ ಕೊಡಿ ಅನ್ನುವ ಫಲಕ, ಮೈಮೇಲೆ ಆ ಯೂನಿಫಾರ್ಮು. ಇಷ್ಟೇ. ಅಂದರೆ ಮಾತನ್ನೆಲ್ಲ ತೆಗೆದು ಬರೀ ಉಡುಪನ್ನು ಉಳಿಸಿಕೊಂಡಿದ್ದ. ಎಲ್ಲವನ್ನೂ ಆ ಪಟ್ಟಿಯೇ ಹೇಳುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಊರು ಕುದಿಯಿತು. ಪುರಸಭೆಯವರು ಏಪ್ರಿಲ್ ಕೊನೆಗೆ ಕೋರ್ಟಿನಿಂದ ತಡೆಯಾಜ್ಞೆ ತಂದರು, ಮೇ ತಿಂಗಳಲ್ಲಿ ಮೂರು ಹೊಸ ಕಾನೂನು ಮಾಡಿದರು: ಮೆರವಣಿಗೆಗೆ 3,50,000 ಡಾಲರಿನ ವಿಮೆ ಬೇಕು, ಜನಾಂಗ ಧರ್ಮದ ಮೇಲೆ ದ್ವೇಷ ಹುಟ್ಟಿಸುವ ಯಾವುದನ್ನೂ ಹಂಚುವಂತಿಲ್ಲ, ರಾಜಕೀಯ ಪಕ್ಷದವರು ಸೈನಿಕರಂತೆ ಯೂನಿಫಾರ್ಮು ಹಾಕಿ ಮೆರವಣಿಗೆ ಮಾಡುವಂತಿಲ್ಲ. ಕೊಲಿನ್ ಎ.ಸಿ.ಎಲ್.ಯು. ಬಾಗಿಲು ತಟ್ಟಿದ. ನಾಗರಿಕ ಹಕ್ಕುಗಳಿಗಾಗಿ ವಾದಿಸುವ ವಕೀಲರ ಸಂಸ್ಥೆ ಅದು. ಅವನ ಪರ ನಿಂತ ವಕೀಲ ಡೇವಿಡ್ ಗೋಲ್ಡ್‌ಬರ್ಗರ್ ಯೆಹೂದಿ. ಸಂಸ್ಥೆಯ ಮುಖ್ಯಸ್ಥ ಆರ್ಯೇ ನಯರ್ ಬರ್ಲಿನ್ನಿನಲ್ಲಿ ಹುಟ್ಟಿ, ಮಗುವಾಗಿದ್ದಾಗ ಹಿಟ್ಲರನಿಂದ ತಪ್ಪಿಸಿಕೊಂಡು ಬಂದವರು. ಅವರ ವಾದ ಇಷ್ಟೆ. ಊರಿನ ಬಹುಮಂದಿಗೆ ನೋವಾಗುತ್ತದೆ, ಗಲಭೆಯಾಗುತ್ತದೆ ಅನ್ನುವ ನೆವದಿಂದಲೇ ಅಮೆರಿಕದ ದಕ್ಷಿಣದ ಊರುಗಳು ಕಿಂಗ್ ಅವರ ಮೆರವಣಿಗೆಗಳನ್ನು ನಿಲ್ಲಿಸಿದ್ದು. ಇವತ್ತು ಸ್ಕೋಕಿಗೆ ಆ ಅಸ್ತ್ರ ಕೊಟ್ಟರೆ ನಾಳೆ ಅಲಬಾಮಾದವರೂ ಕೇಳುತ್ತಾರೆ. ಸಂಸ್ಥೆಯ ಸದಸ್ಯರು ಸಾವಿರಗಟ್ಟಲೆ ರಾಜೀನಾಮೆ ಕೊಟ್ಟು ಹೋದರು. ವಕೀಲರು ಕದಲಲಿಲ್ಲ. ನಾನು ಮನಸ್ಸಿನಲ್ಲೇ ಭೇಷ್ ಅಂದುಕೊಂಡೆ.

ಈ ಭೇಷ್ ಅನ್ನುವುದನ್ನು ಟೇಲರ್ ತಾತನ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ. ಆದರೆ ಕೇಳಿದೆ. ಆ ಹೊತ್ತಿಗೆ ಪೇಪರುಗಳಲ್ಲಿ ಹಳೆಯದೊಂದು ಮೊಕದ್ದಮೆಯ ಮಾತು ಬರುತ್ತಿತ್ತು. 1968ರಲ್ಲಿ ವಿಯೆಟ್ನಾಂ ಯುದ್ಧದ ಕಾಲಕ್ಕೆ, ಪಾಲ್ ಕೋಹೆನ್ ಅನ್ನುವ ಹತ್ತೊಂಬತ್ತರ ಹುಡುಗ, ಕಡ್ಡಾಯ ಸೈನ್ಯ ಭರ್ತಿಯನ್ನು ಹೊಲಸು ಶಬ್ದದಲ್ಲಿ ಬೈದ ಜಾಕೆಟ್ ತೊಟ್ಟು ಲಾಸ್ ಏಂಜಲೀಸ್ ಕೋರ್ಟಿನ ಪಡಸಾಲೆಯಲ್ಲಿ ಓಡಾಡಿದ್ದ. ಮೂವತ್ತು ದಿನ ಜೈಲು ಅಂದಿದ್ದರು. 1971ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆ ರದ್ದು ಮಾಡಿತು. ಅಲ್ಲಿ ಹೆಂಗಸರು ಮಕ್ಕಳು ಇದ್ದರು ನಿಜ, ಹಿಡಿಸದವರು ಕಣ್ಣು ಆಚೆ ತಿರುಗಿಸಬಹುದಿತ್ತು ಅನ್ನುವ ಧಾಟಿಯಲ್ಲಿ ನ್ಯಾಯಮೂರ್ತಿ ಹಾರ್ಲನ್ ಬರೆದಿದ್ದರು. ನಾನು ಈ ಕಥೆ ಹೇಳಿ, ಇದಕ್ಕೇನಂತೀರಿ ತಾತ ಅಂದೆ.

ಅವರು ಅಂಗಿಯ ಗುಂಡಿ ಹೊಲಿಯುತ್ತಿದ್ದರು. ಹೊಲಿಯುತ್ತಲೇ ಹೇಳಿದರು. ಅವರ ಊರು ಪೋಲೆಂಡಿನ ಕ್ರಾಕೋವ್. 1939ರ ಡಿಸೆಂಬರಿನಿಂದ ಅಲ್ಲಿ ಹತ್ತು ವರ್ಷ ದಾಟಿದ ಪ್ರತಿಯೊಬ್ಬ ಯೆಹೂದಿಯೂ ಬಿಳಿ ಬಟ್ಟೆಯ ಮೇಲೆ ನೀಲಿ ನಕ್ಷತ್ರದ ಪಟ್ಟಿ ತೋಳಿಗೆ ಕಟ್ಟಬೇಕಿತ್ತು. ಪಟ್ಟಿಯನ್ನು ಜರ್ಮನರೇನೂ ಕೊಡುತ್ತಿರಲಿಲ್ಲ, ಅವರವರದ್ದನ್ನು ಅವರವರೇ ಮಾಡಿಸಿಕೊಳ್ಳಬೇಕು. ಅಪ್ಪನ ಅಂಗಡಿಯಲ್ಲಿ ಕೂತು ಬೀದಿಯ ಅರ್ಧ ಜನಕ್ಕೆ ಇವರೇ ಹೊಲಿದುಕೊಟ್ಟಿದ್ದರು. ‘ಅದು ಹೇರಿದ್ದು. ಇದೂ ಹೇರಿದ್ದು’ ಅಂತ ಎಡ ತೋಳನ್ನು ಸೂಜಿಯ ಕೈಯಿಂದ ಮುಟ್ಟಿ ತೋರಿಸಿದರು. ‘ಕೊಲಿನ್ ತನ್ನ ತೋಳಿಗೆ ತಾನು ಕಟ್ಟಿಕೊಳ್ಳುತ್ತಾನೆ. ನನ್ನ ತೋಳಿಗೆ ಕಟ್ಟುವುದಿಲ್ಲ. ಆ ವ್ಯತ್ಯಾಸ ನನಗೆ ನಿಮ್ಮ ಜಡ್ಜಿಗಿಂತ ಚೆನ್ನಾಗಿ ಗೊತ್ತು.’

ಹಾಗಾದರೆ ಬರಲಿ ಬಿಡಿ ಅಂತೀರಾ ಅಂದೆ.

‘ನಾನೆಲ್ಲಿ ಹಾಗಂದೆ?’ ಅಂದರು. ‘ಕಣ್ಣು ತಿರುಗಿಸು ಅನ್ನುತ್ತಾರೆ. ಆ ಭಾನುವಾರ ನಾನು ಪುರಸಭೆಯ ಬೀದಿಗೆ ಹೋಗಬಾರದು, ಹೋದರೆ ನನ್ನದೇ ತಪ್ಪು, ಅಲ್ಲವಾ? ಈ ಭಾನುವಾರ ಆ ಬೀದಿ. ಮುಂದಿನ ಭಾನುವಾರ ಯಾವುದು ಅಂತ ಅವನು ಹೇಳುತ್ತಾನೆ. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕು. ಪಟ್ಟಿ ಅವನದು, ಕೆಲಸ ನನಗೆ.’

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಕೋರ್ಟಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ, ಅದು ಎಳೆದಷ್ಟೂ ಉದ್ದ. 1977ರ ಜೂನಿನಲ್ಲಿ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಅಂತರದಲ್ಲಿ, ತಡೆಯಾಜ್ಞೆ ಹಾಕುವುದಾದರೆ ಮೇಲ್ಮನವಿಯನ್ನು ತಕ್ಷಣ ಕೇಳಿ, ಇಲ್ಲವಾದರೆ ತಡೆ ತೆಗೆಯಿರಿ ಅಂತ ಇಲಿನಾಯ್ ರಾಜ್ಯಕ್ಕೆ ಹೇಳಿತು. ಜುಲೈಯಲ್ಲಿ ರಾಜ್ಯದ ಮೇಲ್ಮನವಿ ಕೋರ್ಟು ಒಂದು ನಡುದಾರಿ ಹುಡುಕಿತು. ಮೆರವಣಿಗೆ ಮಾಡಿಕೊಳ್ಳಿ, ಆದರೆ ಸ್ವಸ್ತಿಕ ಬೇಡ. ಈ ಆದೇಶವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ. ಕೊಲಿನ್ ಒಪ್ಪಲಿಲ್ಲ. 1978ರ ಜನವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಅದನ್ನೂ ತೆಗೆದುಹಾಕಿತು. ಆ ಗುರುತೂ ಒಂದು ರಾಜಕೀಯ ಮಾತೇ. ಮೆರವಣಿಗೆಯ ಸುದ್ದಿ ಮೊದಲೇ ಗೊತ್ತಿರುವಾಗ ನೋಡಲು ಬೇಡದವರು ದೂರ ಉಳಿಯಬಹುದು ಅಂದಿತು. ಕೋಹೆನ್ನನ ಜಾಕೆಟ್ಟನ್ನೂ ನೆನಪಿಸಿತು. ಫೆಬ್ರವರಿಯಲ್ಲಿ ಬರ್ನಾರ್ಡ್ ಡೆಕರ್ ಅನ್ನುವ ಫೆಡರಲ್ ನ್ಯಾಯಾಧೀಶರು ಪುರಸಭೆಯ ಮೂರೂ ಕಾನೂನುಗಳನ್ನು ಹೊಡೆದುಹಾಕಿದರು. ಮೇ ತಿಂಗಳಲ್ಲಿ ಮೇಲಿನ ಕೋರ್ಟೂ ಎತ್ತಿ ಹಿಡಿಯಿತು.

ಈ ತೀರ್ಪುಗಳನ್ನು ಆಮೇಲೆ ಓದಿದ್ದೇನೆ. ನೋವಿಲ್ಲ ಅಂತ ಯಾವ ಜಡ್ಜೂ ಬರೆದಿಲ್ಲ. ಈ ನಾಜಿಗಳ ವಿಚಾರ ನಮಗೂ ಹೇಸಿಗೆ ಅಂತ ಬರೆದಿದ್ದಾರೆ. ಬದುಕಿ ಬಂದವರ ಗಾಯ ಮತ್ತೆ ಹಸಿಯಾಗುತ್ತದೆ ಅನ್ನುವುದನ್ನು ಒಪ್ಪಿದ್ದಾರೆ. ಒಪ್ಪಿಯೂ, ಸರ್ಕಾರ ತಡೆಯುವುದಕ್ಕೆ ಅದೊಂದೇ ಸಾಲದು ಅಂದಿದ್ದಾರೆ. ಹೇರಿಕೆ ಹೌದೋ ಅಲ್ಲವೋ ಅನ್ನುವುದು ಒಂದು ಪ್ರಶ್ನೆ, ಪೊಲೀಸರು ಬಂದು ಕಳಚಬೇಕೋ ಬೇಡವೋ ಅನ್ನುವುದು ಇನ್ನೊಂದು. ನೀವಿಬ್ಬರೂ ಎರಡನ್ನೂ ಒಂದೇ ಗಂಟು ಕಟ್ಟಿಕೊಂಡು ಎಳೆದಾಡುತ್ತಿದ್ದೀರಿ. ಬೇಡದಿದ್ದರೆ ನೋಡಬೇಡ ಅನ್ನುವವಳಿಗೆ ನೋವೇ ಸುಳ್ಳು ಅಂತ ಸಾಧಿಸಬೇಕು. ನೋವಾಗುತ್ತದೆ ಅನ್ನುವವನಿಗೆ ತಕ್ಷಣ ಒಂದು ಕಾನೂನು ಬೇಕು.

ಇನ್ನು ನಮ್ಮಮ್ಮನ ಕಥೆ.

ಅದೇ 1978ರ ಮೇ ತಿಂಗಳಲ್ಲಿ ಅಮ್ಮ ಶಿವಮೊಗ್ಗದಿಂದ ಬಂದರು. ಅಣ್ಣ ಜೈಲಿನಿಂದ ಬಂದು, ಮನೆ ಒಂದು ಹದಕ್ಕೆ ಬಂದ ಮೇಲೆ, ಮೊಮ್ಮಗಳನ್ನು ನೋಡಬೇಕು ಅಂತ. ಒಂದು ಪೆಟ್ಟಿಗೆ ತುಂಬ ಹಪ್ಪಳ, ಸಂಡಿಗೆ, ಅಪ್ಪೆಮಿಡಿ ಉಪ್ಪಿನಕಾಯಿ. ಅದನ್ನೆಲ್ಲ ಸುತ್ತಿ ತಂದದ್ದು ಜವಳಿ ಅಂಗಡಿಯವರು ಕೊಡುತ್ತಾರಲ್ಲ, ಆ ಹಳದಿ ಬಟ್ಟೆಯ ಕೈಚೀಲಗಳಲ್ಲಿ. ಮೇಲೆ ಅಂಗಡಿ ಹೆಸರು, ನಡುವೆ ಅಂಗೈಯಗಲ ಕೆಂಪು ಸ್ವಸ್ತಿಕ. ಮರುವಾರ ನಿಮ್ಮಜ್ಜಿಯ ಜೊತೆ ತರಕಾರಿ ತರಲು ಹೊರಟಾಗ ಅಮ್ಮ ಆ ಚೀಲ ಹಿಡಿದು ಹೋದರು.

ಮನೆಗೆ ಬಂದು ಅಮ್ಮ ಹೇಳಿದ್ದು: ‘ಅಂಗಡಿಯಲ್ಲಿ ಒಬ್ಬ ಹೆಂಗಸು ಪಾಪ, ಬುಟ್ಟಿ ತುಂಬ ಸಾಮಾನು ಹಾಕಿದ್ದವಳು ಅಲ್ಲೇ ಇಟ್ಟು ಹೊರಟುಹೋದಳು ಕಣೋ. ದುಡ್ಡು ತರೋಕೆ ಮರೆತಳೋ ಏನೋ. ನಾನಾದರೂ ಕೊಡ್ತಿದ್ದೆ.’

ನಿಮ್ಮಜ್ಜಿ ಏನೂ ಹೇಳದೆ ನನ್ನ ಮುಖ ನೋಡಿದಳು. ಸಂಜೆ ಟೇಲರ್ ತಾತ ಮೇಲೆ ಬಂದರು. ಅವರೂ ಆ ಅಂಗಡಿಯಲ್ಲಿದ್ದರು. ‘ನಿಮ್ಮ ತಾಯಿಗೆ ಏನೂ ಅನ್ನಬೇಡಿ. ಸೀರೆ, ಹಣೆಯ ಕುಂಕುಮ ನೋಡಿದ ಕೂಡಲೇ ನನಗೆ ಅರ್ಥವಾಯಿತು. ಆಕೆ ಸೀರೆ ನೋಡಲಿಲ್ಲ’ ಅಂದರು. ಆ ಹೆಂಗಸಿನ ಇಬ್ಬರು ತಂಗಿಯರ ಸಂಗತಿಯನ್ನೂ ಹೇಳಿದರು. ಅದನ್ನು ಇಲ್ಲಿ ಹೇಳುವುದಿಲ್ಲ.

ನಾನು ಕನ್ನಡದಲ್ಲಿ ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಅಮ್ಮ ಒಪ್ಪಿದರು ಅಂದುಕೊಂಡಿರಾ? ಜಗಳಕ್ಕೇ ನಿಂತರು. ‘ಹೊಸ್ತಿಲಲ್ಲಿ ಬರೀತೀವಿ, ಲೆಕ್ಕದ ಪುಸ್ತಕದ ಮೊದಲ ಹಾಳೆಯಲ್ಲಿ ಬರೀತೀವಿ, ಮದುವೆ ಪತ್ರಿಕೆಯಲ್ಲಿ ಹಾಕ್ತೀವಿ. ಯಾವನೋ ಕದ್ದುಕೊಂಡು ಹೋಗಿ ಕೊಲೆ ಮಾಡಿದರೆ ನಾನು ಯಾಕೆ ಮುಚ್ಚಿಡಬೇಕು? ಕಳ್ಳನಿಗೆ ಬಿಟ್ಟುಕೊಡಬೇಕಾ?’ ತಾತನಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ತಲೆಯಾಡಿಸಿ, ನಿಜ, ಬಿಟ್ಟುಕೊಡಬಾರದು ಅಂದರು. ಕಾಫಿ ಕುಡಿದರು. ಚಕ್ಕುಲಿ ಹಲ್ಲಿಗಾಗಲಿಲ್ಲ, ಜೇಬಿಗೆ ಹಾಕಿಕೊಂಡರು.

ಅವರು ಹೋದ ಮೇಲೆ ಅಮ್ಮ ಆ ಹೆಂಗಸಿನ ತಂಗಿಯರಿಗೆ ಎಷ್ಟು ವಯಸ್ಸಾಗಿತ್ತು ಅಂತ ಕೇಳಿದರು. ಹೇಳಿದೆ. ಚೀಲ ತಂದು ಒಳಗನ್ನು ಹೊರಗೆ ಮಾಡಿ ಮಗುಚಿದರು. ದೇವರ ಗೂಡಿನ ಮುಂದೆ ಮರುದಿನ ಬೆಳಿಗ್ಗೆಯೂ ಅಕ್ಕಿಹಿಟ್ಟಿನಲ್ಲಿ ಸ್ವಸ್ತಿಕ ಬರೆದರು. ಅದನ್ನು ಯಾರೂ ಬೇಡ ಅನ್ನಲಿಲ್ಲ. ತಾತ ಚೀಲ ನೋಡಿ, ಇಷ್ಟು ಕೆಟ್ಟ ಹೊಲಿಗೆಯನ್ನು ಹೊರಗೆ ತೋರಿಸಿಕೊಂಡು ಓಡಾಡುವುದು ಬೇರೆಯೇ ಅಪರಾಧ ಅಂತ ಬೈದು, ತೆಗೆದುಕೊಂಡು ಹೋಗಿ ಅಂಚು ಮಡಿಚಿ ಮತ್ತೆ ಹೊಲಿದು ತಂದರು.

ಮೆರವಣಿಗೆಯ ವಿಷಯ ಅಮ್ಮನಿಗೆ ದಿನಾ ಟಿ.ವಿ.ಯಲ್ಲಿ ಕಾಣುತ್ತಿತ್ತು. ಗುರುತು ಬಿಟ್ಟು ಮೆರವಣಿಗೆ ಮಾಡು ಅಂತ ಒಂದು ಕೋರ್ಟು ಹೇಳಿತ್ತಮ್ಮ, ಅವನು ಒಪ್ಪಲಿಲ್ಲ ಅಂದೆ. ಅಮ್ಮ ಸೊಪ್ಪು ಬಿಡಿಸುತ್ತಾ, ‘ಹಾಗಾದರೆ ಅವನಿಗೆ ಬೇಕಾದ್ದು ಆ ಹೆಂಗಸು ಬುಟ್ಟಿ ಬಿಟ್ಟು ಓಡೋದು’ ಅಂದರು. ನಾಲ್ಕನೇ ಇಯತ್ತೆ ಓದಿದವರು ಕಣ್ರೋ! ವರ್ಷವಿಡೀ ಪೇಪರುಗಳ ಸಂಪಾದಕೀಯ ಓದಿದ್ದ ನನಗೆ ಅದು ಹೊಳೆದಿರಲಿಲ್ಲ. ಚೀಲಕ್ಕೂ ಪಟ್ಟಿಗೂ ಕಣ್ಣಿಗೆ ಬೀಳುವ ಆಕಾರ ಹೆಚ್ಚು ಕಡಿಮೆ ಒಂದೇ, ಆ ಹೆಂಗಸಿಗೆ ಆದ ಪೆಟ್ಟೂ ಒಂದೇ. ಆದರೆ ಅಮ್ಮನಿಗೆ ಪೆಟ್ಟು ಗೊತ್ತಾದ ಕ್ಷಣ ಚೀಲ ಮಗುಚುವುದಕ್ಕೆ ಆಯಿತು. ಕೊಲಿನ್ನನಿಗೆ ಪೆಟ್ಟು ತೆಗೆದರೆ ಮೆರವಣಿಗೆಯಲ್ಲಿ ಉಳಿಯುವುದೇನೂ ಇರಲಿಲ್ಲ.

ಅದಕ್ಕೇ ಅವನನ್ನು ತಡೆಯಬೇಕಿತ್ತು ಅಲ್ಲವಾ ಅಂದೆ. ನನ್ನ ನಿಲುವು ಆಗ ಸಡಿಲವಾಗುತ್ತಿತ್ತು. ಅಮ್ಮ ಒಪ್ಪಲಿಲ್ಲ. ‘ನಿಮ್ಮಣ್ಣನ್ನ ಹಿಡಕೊಂಡು ಹೋಗೋಕೆ ಬಂದ ಸಬ್‌ಇನ್ಸ್‌ಪೆಕ್ಟರೂ ಊರಿನ ಶಾಂತಿಗೋಸ್ಕರ ಅಂತಲೇ ಹೇಳಿದ್ದು. ಈ ಚೀಲ ಮಗುಚು ಅಂತ ಪೊಲೀಸಿನವನು ಬಂದು ಹೇಳಿದ್ದರೆ ನಾನು ಮಗುಚುತ್ತಿದ್ದೆನಾ? ತಲೆ ಮೇಲೆ ಹೊತ್ತುಕೊಂಡು ಹೋಗ್ತಿದ್ದೆ.’

ಅಮ್ಮನ ಈ ಮಾತಿಗೂ ತಾತನ ಆ ಮಾತಿಗೂ ನಡುವೆ ನಾನು ಇವತ್ತಿಗೂ ಓಡಾಡುತ್ತಿದ್ದೇನೆ. ಜರ್ಮನಿಯಲ್ಲಿ ಆ ಗುರುತನ್ನು ಬೀದಿಯಲ್ಲಿ ತೊಟ್ಟರೆ ಅಪರಾಧ. ಅವರ ಇತಿಹಾಸಕ್ಕೆ ಅದು ಸರಿ ಅಂತಲೇ ನನಗನ್ನಿಸುತ್ತದೆ. ಅಮೆರಿಕದಲ್ಲಿ ಕಿಂಗ್ ಮೇಲೆ ಕಲ್ಲು ಬಿದ್ದ ಇತಿಹಾಸಕ್ಕೆ ಆ ತೀರ್ಪು ಸರಿ. ಆದರೆ ಎರಡೂ ಕಡೆ, ತೊಟ್ಟವನ ತೋಳಿಗಷ್ಟೇ ಅದು ಸಂಬಂಧಿಸಿದ್ದು ಅನ್ನುವವರ ಮಾತನ್ನು ನಾನು ನಂಬುವುದಿಲ್ಲ. ಯಾಕೆ ಅಂದರೆ ಕಥೆಯ ಕೊನೆ ಕೇಳಿ.

ಜೂನ್ 25, ಭಾನುವಾರ ಅಂತ ನಿಗದಿಯಾಗಿತ್ತು. ದೇಶದ ಮೂಲೆಮೂಲೆಯಿಂದ ಸಾವಿರಾರು ಜನ ಎದುರು ನಿಲ್ಲಲು ಬರುವವರಿದ್ದರು. ಊರಿನ ಮೇಯರ್ ಆಲ್ಬರ್ಟ್ ಸ್ಮಿತ್ ಕ್ಯಾಥೊಲಿಕ್, ಅವರೂ ಜನರ ಜೊತೆಗೇ ನಿಂತಿದ್ದರು. ಮೂವತ್ತು ವರ್ಷ ಕ್ಯಾಂಪಿನ ಮಾತೇ ಎತ್ತದೆ ಬದುಕಿದ ಮುದುಕ ಮುದುಕಿಯರು ಸಭೆಗಳಲ್ಲಿ ಎದ್ದು ನಿಂತು ಹೆಸರು, ಊರು, ಯಾರನ್ನು ಕಳೆದುಕೊಂಡೆ ಅಂತ ಹೇಳತೊಡಗಿದ್ದರು. ಲಿಥುವೇನಿಯಾದಿಂದ ಬದುಕಿ ಬಂದ ಸೋಲ್ ಗೋಲ್ಡ್‌ಸ್ಟೀನ್ ಕೋರ್ಟಿನಲ್ಲೇ ಸಾಕ್ಷಿ ಹೇಳಿದ್ದರು. ಟೇಲರ್ ತಾತ ಕೋಟು ಇಸ್ತ್ರಿ ಮಾಡಿಸಿಟ್ಟರು. ಮೊದಲ ಬಾರಿಗೆ ಅರ್ಧ ತೋಳಿನ ಅಂಗಿ ಕೊಂಡರು, ಆ ದಿನ ಹಾಕಿಕೊಳ್ಳಲು. ಕಣ್ಣು ತಿರುಗಿಸುವುದಿಲ್ಲ, ನೋಡುತ್ತೇನೆ, ಅವರೂ ನನ್ನ ತೋಳು ನೋಡಲಿ ಅಂದರು.

ಬರಲೇ ಇಲ್ಲ! ಮಾರ್ಕೆಟ್ ಪಾರ್ಕಿನಲ್ಲಿ ವಿಮೆಯಿಲ್ಲದೆ ಸಭೆ ಮಾಡಬಹುದು ಅಂತ ಕೋರ್ಟು ದಾರಿ ಮಾಡಿಕೊಟ್ಟಿತು. ಕೊಲಿನ್ ಸ್ಕೋಕಿಯನ್ನು ಕೈಬಿಟ್ಟ. ಹಿಂದಿನ ದಿನ ಷಿಕಾಗೋದ ಫೆಡರಲ್ ಪ್ಲಾಜಾದಲ್ಲಿ ಇಪ್ಪತ್ತು ಚಿಲ್ಲರೆ ಜನ ಪೊಲೀಸರ ಬೇಲಿಯೊಳಗೆ ಸ್ವಲ್ಪ ಹೊತ್ತು ನಿಂತು ಹೋದರು. ಸುತ್ತ ಸಾವಿರಾರು ಜನರ ಕೂಗಿನಲ್ಲಿ ಅವನ ಭಾಷಣ ಯಾರಿಗೂ ಕೇಳಲಿಲ್ಲ. ಜುಲೈ 9ಕ್ಕೆ ಮಾರ್ಕೆಟ್ ಪಾರ್ಕ್. ಅಲ್ಲಿಗೆ ಮುಗಿಯಿತು. 1980ರ ಹೊತ್ತಿಗೆ ಕೊಲಿನ್ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ಜೈಲು ಸೇರಿದ. ಅದೇ ವರ್ಷ ‘ದಿ ಬ್ಲೂಸ್ ಬ್ರದರ್ಸ್’ ಸಿನಿಮಾದಲ್ಲಿ ಇಲಿನಾಯ್ ನಾಜಿಗಳನ್ನು ಕಾರಿನಿಂದ ಅಟ್ಟಿ ಸೇತುವೆಯಿಂದ ನೀರಿಗೆ ಹಾರಿಸಿದಾಗ ಥಿಯೇಟರಿನಲ್ಲಿ ನಾವೆಲ್ಲ ಹುಚ್ಚೆದ್ದು ನಕ್ಕೆವು.

ಅಂದರೆ, ಆ ಹದಿನಾಲ್ಕು ತಿಂಗಳಲ್ಲಿ ಸ್ಕೋಕಿಯ ಪುರಸಭೆಯ ಮುಂದೆ ಆ ಮೆರವಣಿಗೆ ಒಮ್ಮೆಯೂ ನಡೆಯಲಿಲ್ಲ. ತಿರುಗಿಸಬೇಕಾದ ಕಣ್ಣಿಗೆ ಏನೂ ಬೀಳಲಿಲ್ಲ. ಆದರೂ ಊರಿಗೆ ಊರೇ ಅದನ್ನು ತಲೆಯಲ್ಲಿ ಹೊತ್ತು ಮಲಗಿತು, ಎದ್ದಿತು. ತಾತನಿಗೆ ಆ ಭಾನುವಾರ ಬಂದ ಸಿಟ್ಟನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ‘ವರ್ಷದ ಮೇಲಾಯಿತು ನನ್ನ ನಿದ್ದೆಯೊಳಗೆ ಕವಾಯತು ಮಾಡಿಸಿದ. ಅರ್ಧ ಗಂಟೆ ಎದುರಿಗೆ ಬಂದು ನಿಲ್ಲಲಾಗಲಿಲ್ಲವಾ ಆ ಹೇಡಿಗೆ?’ ಅಂತ ಕೋಟು ತೆಗೆದು ಕುರ್ಚಿಯ ಮೇಲೆ ಎಸೆದರು. ಅಮ್ಮ ಭಾಷೆ ತಿಳಿಯದಿದ್ದರೂ ಅವರಿಗೆ ಒಂದು ಲೋಟ ಮಜ್ಜಿಗೆ ತಂದು ಕೊಟ್ಟರು. ಉಪ್ಪು ಜಾಸ್ತಿ ಅಂದರು, ಕುಡಿದರು.

ಆಮೇಲೆ ಅರ್ಧ ತೋಳಿನ ಅಂಗಿ ದಂಡವಾಗಲಿಲ್ಲ. ಬದುಕಿ ಬಂದವರು 1981ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದರು, ಮೇನ್ ಸ್ಟ್ರೀಟಿನ ಒಂದು ಅಂಗಡಿ ಮಳಿಗೆಯಲ್ಲಿ ಸಣ್ಣ ಮ್ಯೂಸಿಯಂ ಇಟ್ಟರು, ಶಾಲೆಗಳಿಗೆ ಹೋಗಿ ಮಾತಾಡತೊಡಗಿದರು. ಮುಂದೆ ಅವರ ಒತ್ತಾಯದಿಂದಲೇ ಇಲಿನಾಯ್ ರಾಜ್ಯ ಆ ನರಮೇಧದ ಪಾಠವನ್ನು ಶಾಲೆಗಳಿಗೆ ಕಡ್ಡಾಯ ಮಾಡಿತು. 2009ರಲ್ಲಿ ಸ್ಕೋಕಿಯಲ್ಲೇ ದೊಡ್ಡ ಮ್ಯೂಸಿಯಂ ಎದ್ದಿತು. ತಾತ ನಮ್ಮ ಮಗಳ, ಅಂದರೆ ನಿಮ್ಮಮ್ಮನ ತರಗತಿಗೂ ಬಂದಿದ್ದರಂತೆ. ಅವತ್ತು ಆ ನಾಜಿಗಳು ಬಂದಿದ್ದರೆ ನೀವೇನು ಮಾಡುತ್ತಿದ್ದಿರಿ, ಹೊಡೆಯುತ್ತಿದ್ದಿರಾ ಅಂತ ಒಬ್ಬ ಹುಡುಗ ಕೇಳಿದನಂತೆ.

‘ಹತ್ತಿರ ಹೋಗಿ ತೋಳಿನ ಪಟ್ಟಿಯ ಹೊಲಿಗೆ ನೋಡುತ್ತಿದ್ದೆ’ ಅಂದರಂತೆ ತಾತ. ‘ನಾನು ಅದಕ್ಕಿಂತ ಚೆನ್ನಾಗಿ ಹೊಲಿದಿದ್ದೇನೆ ಅಂತ ಹೇಳಿ ಬರುತ್ತಿದ್ದೆ.’